ಉಜ್ಜಿದ ಬಾಗಿಲು

ಚೌಕದ ನಡುವೆ ನಲವತ್ತು ಬಾಗಿಲು ನಿಂತಿದ್ದವು, ಒಂದಕ್ಕೂ ಗೋಡೆಯಿಲ್ಲ. ಜನ ಕೊಟ್ಟ ಹಳೆಯ ಬಾಗಿಲುಗಳನ್ನು ಹದಿನೈದು ದಿನ ಹೀಗೆ ನಿಲ್ಲಿಸಿ, ಆಮೇಲೆ ಅವರವರಿಗೇ ಹಿಂತಿರುಗಿಸುವುದು ಅಕ್ಕನ ಯೋಜನೆ. ಅಕ್ಕ ಕಲಾವಿದೆ, ತಮ್ಮ ಬಡಗಿ. "ಮಳೆಗೆ ಕೆಡದ ಹಾಗೆ ವಾರ್ನಿಷ್ ಹಚ್ಚು, ಅಷ್ಟೇ ಸಾಕು" ಎಂದಿದ್ದಳು. ಕೊಳೆಯ ಮೇಲೆ ವಾರ್ನಿಷ್ ಬಳಿಯುವ ಜಾಯಮಾನ ಅವನದಲ್ಲ. ನಲವತ್ತನ್ನೂ ಎರಡೂ ಬದಿ ಮರಳುಕಾಗದದಿಂದ ಉಜ್ಜಿದ್ದ. ಮೊದಲು ಒರಟು, ಆಮೇಲೆ ನಯ.

"ಹಳೇ ಬಾಗಿಲು ಕೇಳಿದ್ರೆ ಮದುಮಗಳನ್ನ ತಂದು ನಿಲ್ಲಿಸಿದ್ದೀಯಲ್ಲೋ" ಎಂದು ಅಕ್ಕ ಗೊಣಗಿದಾಗ, "ಕೆಲಸ ಅಂದ್ರೆ ಹೀಗಿರಬೇಕು" ಎಂದು ಬೀಗಿದ್ದ.

ಮೂರನೆಯ ದಿನ ಒಬ್ಬ ಮುದುಕ ಹಿತ್ತಾಳೆ ಬೀಗದ ಬಾಗಿಲಿನ ಹಿಂಬದಿಗೆ ಮೂಗು ತಾಗಿಸುವಷ್ಟು ಬಗ್ಗಿ ನಿಂತಿದ್ದ.

"ಇಲ್ಲಿ ಪೆನ್ಸಿಲ್ ಗೀಟು ಇದ್ದವಲ್ಲಪ್ಪಾ? ನನ್ನ ಮಗಳ ಎತ್ತರ. ವರ್ಷಕ್ಕೊಂದರಂತೆ ಹನ್ನೊಂದು. ಆಮೇಲೆ ಅವಳು ಉಳೀಲಿಲ್ಲ. ನಾಲ್ಕು ಜನ ನೋಡಲಿ ಅಂತ ಕೊಟ್ಟೆ."

ಗೀಟುಗಳನ್ನು ಬಡಗಿ ಕಂಡಿದ್ದ. ಯಾವುದೋ ಮಗುವಿನ ಗೀಚಾಟ ಎಂದುಕೊಂಡಿದ್ದ. ಪೆನ್ಸಿಲ್ ಮರದೊಳಕ್ಕೆ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ. ನಾಲ್ಕು ಸಲ ಕೈಯಾಡಿಸಿದರೆ ಮುಗಿಯಿತು.

"ಅದು ಬೇರೆ ಬಾಗಿಲಿರಬೇಕು ತಾತ" ಎಂದುಬಿಟ್ಟ. "ಎಲ್ಲಾ ಒಂದೇ ಥರ ಕಾಣ್ತವೆ. ಹುಡುಕಿ ನೋಡಿ."

ಮುದುಕ ಹುಡುಕಿದ. ಒಂದೊಂದರ ಹಿಂದೆಯೂ ಬಗ್ಗಿದ, ಸೊಂಟ ಹಿಡಿದುಕೊಂಡು ಎದ್ದ. ಬಡಗಿ ಮೊಳೆ ಡಬ್ಬಿಯಲ್ಲಿ ಇಲ್ಲದ ಮೊಳೆಗೆ ಕೈಯಾಡಿಸುತ್ತಿದ್ದ. ಇಪ್ಪತ್ತನೆಯದರ ಹತ್ತಿರ ಮುದುಕ ನೆಲಕ್ಕೆ ಕೈಯೂರಿ ಏಳುವುದನ್ನು ಕಂಡಾಗ ತಡೆಯಲಾಗಲಿಲ್ಲ. ಓಡಿಹೋಗಿ ರಟ್ಟೆ ಹಿಡಿದ.

"ಬೇಡ ತಾತ. ಮೊದಲು ನೋಡಿದ್ದೇ ನಿಮ್ಮದು. ನಾನೇ ಉಜ್ಜಿಬಿಟ್ಟೆ. ಸುಳ್ಳು ಹೇಳಿದೆ."

ಮುದುಕ ಹಿತ್ತಾಳೆ ಬೀಗದ ಬಾಗಿಲಿಗೆ ಮರಳಿ, ಜೇಬಿನಿಂದ ಕೀಲಿಕೈ ತೆಗೆದು ತಿರುಗಿಸಿದ. ಬೀಗ ಸದ್ದಿಲ್ಲದೆ ತೆರೆಯಿತು.

"ನಮ್ಮದೇ ಅಂತ ಗೊತ್ತಿತ್ತು" ಎಂದ. "ನೀನು ಅಲ್ಲ ಅಂದೆಯಲ್ಲ, ಅದೇ ನಿಜವಾಗಲಿ ಅಂತ ಹುಡುಕಿದೆ."

ಬೋಳು ಹಲಗೆಯ ಮೇಲೆ ಅಂಗೈ ಸವರಿದ. ಎದೆಮಟ್ಟದ ಒಂದು ಕಡೆ ಕೈ ನಿಂತಿತು.

"ಬೀಗಕ್ಕೆ ಎಣ್ಣೇನೂ ಹಾಕಿದ್ದೀಯ. ಒಳ್ಳೇ ಕೆಲಸಗಾರ ಕಣಪ್ಪಾ ನೀನು."

ಅದರಲ್ಲಿ ಕೊಂಕಿರಲಿಲ್ಲ. ಬಡಗಿ ತಲೆಯೆತ್ತಲಿಲ್ಲ.