ಬೆಂಚಿನವರೆಗೆ ಹೋಗುವವನು

ಇಪ್ಪತ್ತರ ಹುಡುಗನನ್ನು ನೋಡಿ, ಇಪ್ಪತ್ತಾರಕ್ಕೆ ಇವನು ಏನಾಗುತ್ತಾನೆ ಅಂತ ಹೇಳುವುದೇ ನನ್ನ ಗಂಡ ಎಲಿಹಿಯೊನ ಕೆಲಸ. ನಮ್ಮ ದ್ವೀಪದ ಕಡಲತೀರದ ಊರು ಬೊಕಾ ಚೀಕಾದಲ್ಲಿ, ನಮ್ಮ ಮನೆಯಿಂದ ಕೂಗಳತೆಯಲ್ಲೇ ಅಮೆರಿಕದ ಒಂದು ಬೇಸ್‌ಬಾಲ್ ಕ್ಲಬ್ಬಿನ ಅಕಾಡೆಮಿ ಇದೆ. ಅವನು ಹಿಂದೆ ಆಡಿದ ಕ್ಲಬ್ಬೇ ಅದು. ಆಗಸ್ಟ್ ಮುಗಿಯುವಾಗ ಅಲ್ಲಿ ತೀರ್ಮಾನವಾಗುತ್ತದೆ: ಯಾರನ್ನು ವಿಮಾನ ಹತ್ತಿಸಿ ಅಮೆರಿಕದ ಕೆಳಗಿನ ಲೀಗುಗಳಿಗೆ ಕಳಿಸುವುದು, ಯಾರ ಬೆನ್ನು ತಟ್ಟಿ ಊರ ಬಸ್ಸು ಹತ್ತಿಸುವುದು.

ಎಲಿಹಿಯೊ ಕ್ಯಾಚರ್ ಆಗಿದ್ದವನು. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದು ಹಿಡಿದು ಮಂಡಿ ಸವೆಸಿಕೊಂಡವನು. ಕೆಳಗಿನ ಲೀಗುಗಳಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲೇ ನಿದ್ದೆ ಮಾಡಿದ ಮೇಲೆ, ಒಂದು ಸೆಪ್ಟೆಂಬರಿನಲ್ಲಿ ದೊಡ್ಡ ಲೀಗಿನಿಂದ ಕರೆ ಬಂತು. ಅಲ್ಲಿ ಯಾರದೋ ಬೆರಳು ಊದಿಕೊಂಡಿತ್ತು. ಬೆನ್ನಿಗೆ ಹೆಸರಿದ್ದ ಅಂಗಿ ಕೊಟ್ಟು ಇವನನ್ನು ಬೆಂಚಿನ ಮೇಲೆ ಕೂರಿಸಿದರು. ಒಂದು ವಾರ ಕೂತ. ಆಟಕ್ಕೆ ಇಳಿ ಅಂತ ಯಾರೂ ಹೇಳಲಿಲ್ಲ. ಬೆರಳು ವಾಸಿಯಾಯಿತು, ಇವನನ್ನು ಕೆಳಗೆ ಕಳಿಸಿದರು. ಮತ್ತೆ ಕರೆಯಲೇ ಇಲ್ಲ.

ಅಂಗಡಿ ಮುಂದೆ ದೊಮಿನೊ ಆಡುವಾಗ ಗೆಳೆಯರು, "ಎಲಿಹಿಯೊ, ಆ ಬೆಂಚು ಇನ್ನೂ ಬಿಸಿಯಾಗೇ ಇದೆಯಂತೆ ಕಣೋ!" ಅಂತ ರೇಗಿಸುತ್ತಾರೆ. ಅವನೂ ನಗುತ್ತಾನೆ. ಆದರೆ ಟೀವಿಯಲ್ಲಿ ಸೆಪ್ಟೆಂಬರಿನ ಪಂದ್ಯ ಬಂದರೆ ಎದ್ದು ಹೋಗಿ ಅಂಗಳದ ಗಿಡಗಳಿಗೆ ನೀರು ಹಾಕುತ್ತಾನೆ, ಮಳೆ ಬಂದು ನೆಲ ನೆನೆದಿದ್ದರೂ.

ರೋಸ್ಮೆಲ್ ಅನ್ನುವ ಕ್ಯಾಚರ್‌ನ ಬಗ್ಗೆ ತೀರ್ಮಾನ ಹೇಳಬೇಕಾದ ವರ್ಷ, ಒಂದು ಮಧ್ಯಾಹ್ನ ಎಲಿಹಿಯೊ ಮನೆಗೆ ಬಂದವನು ತಟ್ಟೆ ಮುಟ್ಟಲಿಲ್ಲ.

"ಯಾಕೆ, ಕಾಳು ಬೆಂದಿಲ್ವಾ?" ಅಂದೆ.

"ಕಾಳು ಬೆಂದಿದೆ, ನೂರಿಸ್. ಬೇಯ್ತಾ ಇರೋದು ನಾನು. ಆ ರೋಸ್ಮೆಲ್ ಇದಾನಲ್ಲ, ಕೈ ಬಂಗಾರ. ಚೆಂಡು ಎಸೆಯೋರೆಲ್ಲ ಅವನೇ ಬೇಕು ಅಂತಾರೆ. ಬ್ಯಾಟು ಮಾತ್ರ ಒಂದು ಕೂದಲೆಳೆ ತಡ. ಅದು ಕಲಿಸಿದ್ರೆ ಬರೋದಲ್ಲ."

"ಅಂದ್ರೆ?"

"ಅಂದ್ರೆ ನನ್ನ ಹಾಗೇ. ಬೆಂಚಿನ ತನಕ ಹೋಗ್ತಾನೆ, ಅಲ್ಲಿಂದ ಮುಂದಕ್ಕಿಲ್ಲ. ಈಗಲೇ ಮನೆಗೆ ಹೋದ್ರೆ ಬದುಕ್ಕೋತಾನೆ. ಬೇಡ ಅಂತ ಹೇಳಿಬಿಡ್ತೀನಿ."

"ಅವನನ್ನ ಕೇಳಿದ್ಯಾ?"

"ಆ ವಯಸ್ಸಿನವನು ಏನು ಹೇಳ್ತಾನೆ ಅಂತ ಗೊತ್ತಿಲ್ವಾ?"

"ಗೊತ್ತಿದ್ರೂ ಕೇಳು," ಅಂದು ಭಾನುವಾರ ನಾನೇ ರೋಸ್ಮೆಲ್‌ನನ್ನು ಊಟಕ್ಕೆ ಕರೆದೆ. ತನ್ನಮ್ಮ ಊರಿಂದ ಕಳಿಸಿದ ಬಾಳೆಕಾಯಿ ಗೊನೆ ಹೊತ್ತುಕೊಂಡು ಬಂದ. ಮತ್ತೆ ಮತ್ತೆ ಬಡಿಸಿಕೊಂಡು ಉಂಡ. ಕಾಫಿ ಕೊಡುವಾಗ ತಾನೇ ಬಾಯಿಬಿಟ್ಟ.

"ಮೇಷ್ಟ್ರೇ, ಸುತ್ತಿ ಬಳಸಿ ಹೇಳ್ಬೇಡಿ. ನಾನು ಮೇಲಕ್ಕೆ ಹೋಗ್ತೀನಾ?"

ಎಲಿಹಿಯೊ ನನ್ನ ಮುಖ ನೋಡಿದ. ನಾನು ಕಾಫಿ ಪಾತ್ರೆ ನೋಡಿದೆ.

"ಹೋದ್ರೂ ಹೋಗಬಹುದು. ಆದ್ರೆ ಆಡಿಸ್ತಾರೆ ಅಂತ ಹೇಳಲಾರೆ. ಬೆಂಚಿನ ಮೇಲೆ ಕೂರಿಸ್ತಾರೆ."

ಹುಡುಗ ಕಾಫಿ ಲೋಟ ಕೆಳಗಿಟ್ಟ. ಆಮೇಲೆ, "ಅಲ್ಲಿ ಕೂತ್ರೆ ಹೇಗಿರತ್ತೆ, ಮೇಷ್ಟ್ರೇ?" ಅಂದ.

ಇಷ್ಟು ವರ್ಷ ಸಂಸಾರ ಮಾಡಿ ನಾನೇ ಅದನ್ನು ಕೇಳಿರಲಿಲ್ಲ. ಗಾಯ, ಮುಟ್ಟಬಾರದು ಅಂದುಕೊಂಡಿದ್ದೆ.

"ಸಂಜೆ ದೀಪ ಹತ್ತಿದಾಗ ಆ ಹುಲ್ಲು ಹಸಿರಾಗಿರಲ್ಲ ಕಣೋ, ನೀಲಿ ಥರ ಕಾಣತ್ತೆ," ಅಂದ ಎಲಿಹಿಯೊ. "ಜನ ಎದ್ದು ನಿಂತ್ರೆ ಕಾಲ ಕೆಳಗೆ ನೆಲ ಗುಂಯ್ ಅನ್ನತ್ತೆ. ಕೋಚ್ ಈ ಕಡೆ ತಿರುಗಿದಾಗೆಲ್ಲ ನಾನು ಕಾಲಿನ ಪ್ಯಾಡಿನ ಪಟ್ಟಿ ಬಿಗಿ ಮಾಡ್ಕೋತಿದ್ದೆ. ಆ ಕ್ಷಣ ಇದೆಯಲ್ಲ..." ಅವನ ಕೈ ತಾನಾಗೇ ಮಂಡಿಯ ಹತ್ತಿರ ಹೋಯಿತು. "ಅಂಥ ಸುಖ ಮತ್ತೆ ಸಿಗಲಿಲ್ಲ. ನೂರಿಸ್, ತಪ್ಪು ತಿಳ್ಕೋಬೇಡ."

"ತಿಳ್ಕೊಳಲ್ಲ, ಹೇಳು," ಅಂದೆ. ಒಳಗೆ ಚುರುಕ್ ಅಂದಿತ್ತು, ನಿಜ.

"ಅಷ್ಟೇ ಸಿಕ್ರೂ ಸಾಕು ನನಗೆ," ಅಂದ ರೋಸ್ಮೆಲ್. "ಕಳಿಸಿ ಮೇಷ್ಟ್ರೇ."

ಮಾರನೆಯ ದಿನ ಅಕಾಡೆಮಿಯ ಸಭೆಯಲ್ಲಿ ಎಲಿಹಿಯೊ, "ದೊಡ್ಡ ಲೀಗಿನ ಬೆಂಚಿನವರೆಗೆ ಹೋಗ್ತಾನೆ, ಕಳಿಸಿ," ಅಂದನಂತೆ. ಡೈರೆಕ್ಟರು ನಕ್ಕು, "ಅಷ್ಟಕ್ಕೆ ಯಾಕೆ ಕಳಿಸ್ಬೇಕು?" ಅಂದರಂತೆ. "ಇಲ್ಲಿಂದ ಹೋದೋರಲ್ಲಿ ಅಷ್ಟು ದೂರ ಹೋದೋರು ಯಾರಿದಾರೆ, ಹೇಳಿ," ಅಂದನಂತೆ ಇವನು. ಕಳಿಸಿದರು.

ಇವನ ಅಂದಾಜು ಸ್ವಲ್ಪ ತಪ್ಪಿತು. ರೋಸ್ಮೆಲ್ ವರ್ಷಕ್ಕೊಂದು ಮೆಟ್ಟಿಲು ಹತ್ತಿ, ಕೊನೆಯ ಮೆಟ್ಟಿಲಿನ ಕೆಳಗೆ ನಿಂತುಬಿಟ್ಟ. ಬ್ಯಾಟು ಸುಧಾರಿಸಲಿಲ್ಲ. ಸೆಪ್ಟೆಂಬರ್ ಬಂದರೆ ಎಲಿಹಿಯೊ ಫೋನನ್ನು ಸ್ನಾನದ ಮನೆಗೂ ಒಯ್ಯುತ್ತಿದ್ದ. ಕರೆ ಬರಲಿಲ್ಲ. ಕೊನೆಗೆ ಕ್ಲಬ್ಬಿನವರು ಆಟಗಾರರ ಪಟ್ಟಿಯಿಂದ ರೋಸ್ಮೆಲ್‌ನ ಹೆಸರು ತೆಗೆದರು. ಆದರೆ ಆ ಕೈ ಬಿಡಲು ಮನಸ್ಸಾಗಲಿಲ್ಲವೋ ಏನೋ, ದೊಡ್ಡ ಮೈದಾನದಲ್ಲೇ ಕೆಲಸ ಕೊಟ್ಟರು. ಚೆಂಡು ಎಸೆಯುವ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವಾಗ ಅವರ ಚೆಂಡು ಹಿಡಿಯುವುದು. ಅಂಗಿ ಉಂಟು, ಸಂಬಳ ಉಂಟು. ಪಂದ್ಯಕ್ಕೆ ಇಳಿಯುವ ಹಾಗಿಲ್ಲ.

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಾನು ಸಲಾಮಿ ಮಾಂಸದ ತುಂಡು ಹುರಿಯುತ್ತಿದ್ದಾಗ ಅವನ ವಿಡಿಯೊ ಕರೆ ಬಂತು. ಮೈದಾನ ಖಾಲಿ ಇತ್ತು.

"ನೋಡಿ ಮೇಷ್ಟ್ರೇ, ನಿಮ್ಮ ಬೆಂಚು!"

"ಅದು ಗೊತ್ತು, ಬಿಡು," ಅಂದ ಎಲಿಹಿಯೊ. "ಬ್ಯಾಟ್ ಮಾಡೋ ಜಾಗಕ್ಕೆ ಹೋಗು. ಹಿಂದೆ ಕೂತ್ಕೋ, ಕ್ಯಾಚರ್ ಕೂರೋ ಹಾಗೆ. ಫೋನು ಕಣ್ಣಿನ ಮಟ್ಟಕ್ಕೆ ಹಿಡಿ. ಅಲ್ಲಾಡಿಸಬೇಡ."

ರೋಸ್ಮೆಲ್ ಕೂತ. ಪರದೆಯ ಮೇಲೆ ಪಿಚರ್ ನಿಲ್ಲುವ ಮಣ್ಣಿನ ದಿಬ್ಬ, ಆಚೆ ಹುಲ್ಲು, ಅದರಾಚೆ ಗೋಡೆ. ಎಲಿಹಿಯೊ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ಒಲೆ ಆರಿಸಿದೆ.

"ಎಡಗಡೆ ಗೋಡೆ ಇಷ್ಟು ಹತ್ತಿರವಾ? ಬೆಂಚಿಂದ ನನಗೆ ದೂರ ಕಾಣ್ತಿತ್ತಲ್ಲೋ," ಅಂದ.

"ಮೇಷ್ಟ್ರೇ, ಮಂಡಿ ನೋಯ್ತಿದೆ. ಏಳಲಾ?"

"ಇನ್ನೊಂದು ಸ್ವಲ್ಪ ಕೂರಪ್ಪ," ಅಂದ ನನ್ನ ಗಂಡ.