ಹಳೆಯ ಗ್ರಂಥಾಲಯದ ಹಳದಿ

ಸಮಿತಿಯ ಅಧ್ಯಕ್ಷರು ಸ್ವಂತ ದೊಡ್ಡಪ್ಪನೇ ಆದರೆ ಕೆಲಸ ಸಲೀಸು ಎಂದು ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ. ವಿಶ್ವವಿದ್ಯಾಲಯದ ಹಳೆಯ ಕಟ್ಟಡಗಳನ್ನು ಉಳಿಸುವ ಯೋಜನೆ, ವಾಸ್ತುಶಿಲ್ಪಿಯಾಗಿ ನಾನೊಬ್ಬಳೇ ನಿಂತು ಮಾಡಿದ ಮೊದಲ ಕೆಲಸ. ಅದಕ್ಕೆ ಅಧ್ಯಕ್ಷರ ಸಹಿ ಬೀಳಬೇಕಿತ್ತು. ದೊಡ್ಡಪ್ಪ ಮಿಕ್ಕಿದ್ದೆಲ್ಲ ಒಪ್ಪಿ, ಗ್ರಂಥಾಲಯದ ಬಣ್ಣದ ಹತ್ತಿರ ಬಂದು ಪಟ್ಟು ಹಿಡಿದು ಕೂತರು. ಮೂಲ ಬಣ್ಣ ತಿಳಿನೀಲಿ ಎಂದು ನಾನು ಬರೆದಿದ್ದೆ. ಅವರು ಹಳದಿ ಎಂದರು.

ಅವರ ಬಳಿ ಇದ್ದ ಆಧಾರ ನೆನಪೊಂದೇ. ವಿದ್ಯಾರ್ಥಿಯಾಗಿದ್ದಾಗ ದೊಡ್ಡಮ್ಮನನ್ನು ಮೊದಲು ನೋಡಿದ್ದು ಆ ಗೋಡೆಯ ಮುಂದಂತೆ. ಆ ಹಳದಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆಯಂತೆ. ಜೀವಮಾನವಿಡೀ ಇತಿಹಾಸ ಪಾಠ ಮಾಡಿ, ಪುರಾವೆ ಇಲ್ಲದ ಮಾತಿಗೆ ಮಕ್ಕಳ ಅಂಕ ಕತ್ತರಿಸಿದ ಮಹಾನುಭಾವರು ಇವರೇ.

ಅತ್ತ ಕಟ್ಟಡ ವಿಭಾಗದ ಎಂಜಿನಿಯರ್, ಉಗ್ರಾಣದಲ್ಲಿ ಮಿಕ್ಕ ಬೂದು ಪೇಂಟಿನ ಡಬ್ಬಗಳನ್ನು ಇಟ್ಟುಕೊಂಡು ತುದಿಗಾಲಲ್ಲಿ ನಿಂತಿದ್ದರು. ಈ ವಾರ ಸಹಿ ಆಗದಿದ್ದರೆ ಅದನ್ನೇ ಬಳಿಸುವುದಾಗಿ ಹೇಳಿಬಿಟ್ಟಿದ್ದರು. ಅಷ್ಟು ಚೆಂದದ ಕಟ್ಟಡ ಗೋದಾಮಿನಂತೆ ಕಾಣುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ದೊಡ್ಡಪ್ಪನನ್ನು ಗೋಡೆಯ ಮುಂದೆಯೇ ಕರೆಸಿದೆ. ಸಾಕ್ಷಿ ಹೇಳಿಸಲು ಅವರು ದೊಡ್ಡಮ್ಮನನ್ನೂ ಹೊರಡಿಸಿಕೊಂಡು ಬಂದರು. ಬಾಗಿಲ ಪಕ್ಕದಲ್ಲಿ ಅಂಗೈಯಷ್ಟು ಜಾಗ ಆರಿಸಿ, ಸಣ್ಣ ಬ್ಲೇಡಿನಿಂದ ಪದರ ಪದರವಾಗಿ ಬಣ್ಣ ಕೆರೆಯತೊಡಗಿದೆ. ಬಿಳಿ ಹೋಯಿತು, ಹಸಿರು ಬಂತು. ಹಸಿರಿನಡಿ ಗುಲಾಬಿ, ಅದು ಯಾವ ಪುಣ್ಯಾತ್ಮರ ಆಯ್ಕೆಯೋ ದೇವರೇ ಬಲ್ಲ. ಅದರಡಿ ತಿಳಿನೀಲಿ, ನೀಲಿಯ ಕೆಳಗೆ ಬರೀ ಗಾರೆ. ಹಳದಿಯ ಸುಳಿವೇ ಇಲ್ಲ.

ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಬ್ಲೇಡ್ ಸರಿಯಿಲ್ಲ ಎಂದರು. ಇನ್ನೊಂದು ಕಡೆ ಕೆರೆ ಎಂದರು. ಕೆರೆದೆ, ಅಲ್ಲೂ ಅದೇ ಕಥೆ. ಅವರ ಮುಖ ಸಪ್ಪಗಾದದ್ದು ಕಂಡು, ಅಷ್ಟೆಲ್ಲ ಸತಾಯಿಸಿದ್ದರೂ ನನಗೆ ಪಾಪ ಎನಿಸಿತು.

"ಕಣ್ಣಾರೆ ಕಂಡಿದ್ದೀನಮ್ಮಾ. ಇವಳು ಇಲ್ಲೇ ನಿಂತಿದ್ಳು. ಬಿಸಿಲಿಗೆ ಆ ಹಳದಿ ಫಳಫಳ ಅಂತಿತ್ತು."

ದೊಡ್ಡಮ್ಮ ಅಷ್ಟು ಹೊತ್ತೂ ನಮ್ಮ ಗೊಡವೆಗೆ ಬರದೆ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಅವರು ಸುಳ್ಳು ಹೇಳ್ತಿಲ್ಲ ಕಣೇ. ಹಳದಿ ಇತ್ತು," ಎಂದರು. ದೊಡ್ಡಪ್ಪನ ಮುಖ ಮೊರದಗಲವಾಯಿತು.

"ಗೋಡೆ ನೀಲೀನೇ. ನನ್ನ ಸ್ವೆಟರ್ ಕಂದು. ಹಳದಿ ಸ್ವೆಟರ್ ಹಾಕ್ಕೊಂಡು ಪಕ್ಕದಲ್ಲಿ ನಿಂತಿದ್ದೋಳು ನನ್ನ ಗೆಳತಿ."

ದೊಡ್ಡಪ್ಪ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ದೊಡ್ಡಮ್ಮ ಒಂದು ತೊಳೆ ನನಗೆ ಕೊಟ್ಟು, ಇನ್ನೊಂದನ್ನು ತಮ್ಮ ಬಾಯಿಗೆ ಹಾಕಿಕೊಂಡರು.

"ಏನ್ರೀ, ಇನ್ನೂ ಸ್ವಲ್ಪ ಕೆರೆಸ್ಬೇಕಾ?"

ದೊಡ್ಡಪ್ಪ ಜೇಬಿನಿಂದ ಪೆನ್ನು ತೆಗೆದು, ಸಹಿ ಎಲ್ಲಿ ಹಾಕಬೇಕು ಎಂದು ನನ್ನನ್ನು ಕೇಳಿದರು.