ನಾಲ್ಕು ಜಿಬಿಯಲ್ಲಿ ಸಿಕ್ಕಿಕೊಂಡ ಕೂಗು

ನಮ್ಮಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಆ ತುದಿಯಲ್ಲಿ ನಿಂತು ಬಾಯಿ ಬಿಟ್ಟರೆ ಈ ತುದಿಯಲ್ಲಿ ತೂಕಡಿಸುತ್ತಿದ್ದ ವ್ಯಾಪಾರಿ ಗಡಬಡಿಸಿ ಎದ್ದು ಕೂರುತ್ತಿದ್ದ. ಅಂಥವನ ಗಂಟಲಲ್ಲೇ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಕೂಗು ಹೋದ್ಮೇಲೆ ನಾನಿದ್ದು ಏನು ಮಾಡ್ಲಿ?" ಎಂದು ಅಪ್ಪ ಹಟ ಹಿಡಿದ. ನಾನು ಬಿಡುತ್ತೇನೆಯೇ? ಬಾಯಿಗೆ ಬಂದ ಹಾಗೆ ಜಗಳವಾಡಿ, ಅತ್ತು ಕರೆದು, ಕೊನೆಗೂ ಒಪ್ಪಿಸಿದೆ. ಒಪ್ಪಿದವನು ನನ್ನ ಜೊತೆ ಮಾತು ಬಿಟ್ಟ. ಅವನಲ್ಲಿ ಮಾತು ಉಳಿದಿದ್ದೇ ಒಂದು ವಾರ, ಅದರಲ್ಲೂ ನನ್ನ ಪಾಲಿಗೆ ಸೊನ್ನೆ!

ಆ ವಾರದಲ್ಲೇ ನನ್ನ ತಮ್ಮ, ಎದುರು ಬೀದಿಯ ಸ್ಟುಡಿಯೋ ಮಾಮನಿಂದ ಕ್ಯಾಮೆರಾ ತಂದು, ಅಪ್ಪನನ್ನು ಅದರ ಮುಂದೆ ಕೂರಿಸಿ ಮಾತಾಡಿಸಿದ. ನಾನು ಮೂತಿ ಊದಿಸಿಕೊಂಡು ನನ್ನ ಟೈಲರಿಂಗ್ ಅಂಗಡಿಯಲ್ಲೇ ಇದ್ದೆ.

ಆಪರೇಷನ್ ಆಯಿತು. ಅಪ್ಪ ಉಳಿದ, ಕೈಗೆ ಸ್ಲೇಟು ಬಂತು. ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಎಲ್ಲರೂ ಕೂತು ಆ ವಿಡಿಯೋ ನೋಡಿದೆವು. ಅದರಲ್ಲಿ ಅರ್ಧ ಗಂಟೆ ಮಂಡಿಯ ಪುರಾಣ ಹೇಳಿ ಅಪ್ಪ ನೆಟ್ಟಗೆ ಕೂತ. "ಈಗ ಒಬ್ಬೊಬ್ಬರನ್ನೇ ಕರೀತೀನಿ. ಆಮೇಲೆ ಅಪ್ಪ ಕರೀಲಿಲ್ಲ ಅನ್ಬೇಡಿ."

"ಲೇ, ಇವಳೇ!" ಎಂದ. ಅಮ್ಮ ಮುಖ ಆಚೆ ತಿರುಗಿಸಿಕೊಂಡಳು. "ಲೋ ದಡಿಯಾ!" ಎಂದ. ತಮ್ಮ ಮೂಗೊರೆಸಿಕೊಂಡ. "ಬಾರೇ ಕಳ್ಳೀ!" ಎಂದ. ಬೆಕ್ಕು ಕಿವಿ ನಿಮಿರಿಸಿತು. ನಾನು ಉಸಿರು ಬಿಗಿಹಿಡಿದು ಕೂತೆ.

"ಹ್ಞಾಂ, ಎಲ್ರನ್ನೂ ಕರೆದಾಯ್ತು" ಎಂದುಬಿಟ್ಟ ಅಪ್ಪ.

ಬೆಕ್ಕನ್ನು ಕರೆದಿದ್ದಾನೆ, ನನ್ನನ್ನು ಕರೆದಿಲ್ಲ! ನನ್ನ ಪಿತ್ತ ನೆತ್ತಿಗೇರಿತು. ಪಕ್ಕದಲ್ಲೇ ಕೂತಿದ್ದ ಅಪ್ಪ ಸ್ಲೇಟು ಎಳೆದುಕೊಂಡು "ನಿನ್ನನ್ನೂ ಕರೆದಿದ್ದೆ" ಎಂದು ಬರೆದ.

"ಎಲ್ಲಿ? ತೋರ್ಸು!" ಎಂದೆ. ಅವನು ಅದೇ ಸಾಲಿನ ಮೇಲೆ ಬಳಪ ಕುಟ್ಟಿದ. ಸಮಾಧಾನಕ್ಕೆ ಬರೆಯುತ್ತಿದ್ದಾನೆ, ಸಿಟ್ಟಿನಲ್ಲಿ ಬೇಕೆಂದೇ ಬಿಟ್ಟಿದ್ದಾನೆ ಅನ್ನಿಸಿತು. ಇನ್ನೊಮ್ಮೆ ಕರೆಸಿಕೊಳ್ಳೋಣವೆಂದರೆ ಆ ಧ್ವನಿ ಎಲ್ಲಿಂದ ತರಲಿ?

ಆದರೂ ಮನಸ್ಸು ತಡೆಯದೆ ಆ ಜಾಗವನ್ನೇ ಮತ್ತೆ ಮತ್ತೆ ಹಾಕಿ ನೋಡಿದೆ. ಬೆಕ್ಕನ್ನು ಕರೆದ ಮೇಲೆ ಅಪ್ಪನ ಹೆಗಲು ಮೇಲೇರುತ್ತದೆ, ಎದೆ ಉಬ್ಬುತ್ತದೆ. ಕೂಗುವ ಮುಂಚೆ ಅವನು ಉಸಿರೆಳೆಯುವ ರೀತಿ ನನಗೆ ಗೊತ್ತಿಲ್ಲವೇ! ಮರುಕ್ಷಣ ನೋಡಿದರೆ ಹೆಗಲು ಇಳಿದಿದೆ, ಎದೆ ಖಾಲಿ. ಎಳೆದ ಉಸಿರು ಎಲ್ಲಿಗೆ ಹೋಯಿತು?

"ಅಲ್ಲಿ ನಾಲ್ಕು ಜಿಬಿಗೆ ಒಂದು ಫೈಲ್ ಮುಗ್ದು ಇನ್ನೊಂದು ಶುರುವಾಗುತ್ತೆ ಕಣಕ್ಕಾ. ನಾನೇ ಎರಡನ್ನೂ ಸೇರ್ಸಿದ್ದು" ಎಂದ ತಮ್ಮ. ಅವನನ್ನೂ ಅವನ ಕಂಪ್ಯೂಟರನ್ನೂ ಎಳೆದುಕೊಂಡು ಸ್ಟುಡಿಯೋಗೆ ಹೋದೆ.

"ಕ್ಯಾಮೆರಾ ಕಾರ್ಡ್ ಮೂವತ್ತೆರಡು ಜಿಬಿದು. ಅಷ್ಟೊಂದು ಜಾಗ ಖಾಲಿ ಇತ್ತಲ್ಲ ಮಾಮ, ನಾಲ್ಕಕ್ಕೇ ಯಾಕೆ ತುಂಡಾಯ್ತು?" ಎಂದು ಕೇಳಿದೆ.

ಮಾಮ ಕನ್ನಡಕ ಹಣೆಗೇರಿಸಿದರು. "ನಿನ್ನ ಅಳತೆ ಪುಸ್ತಕದ ಚೌಕದಲ್ಲಿ ಎರಡೇ ಅಂಕಿಗೆ ಜಾಗ ಇದ್ರೆ, ತೊಂಬತ್ತೊಂಬತ್ತು ದಾಟಿದ್ದನ್ನ ಬರೆಯೋಕಾಗುತ್ತಾ? ಈ ಕಾರ್ಡಲ್ಲಿರೋದು ಹಳೇ ಪದ್ಧತಿ. ಒಂದು ಫೈಲಿನ ಅಳತೆ ಬರ್ಕೊಳ್ಳೋಕೆ ಇಷ್ಟೇ ಜಾಗ ಅಂತ ಆವಾಗ್ಲೇ ಗೊತ್ತು ಮಾಡಿದಾರೆ. ನಾಲ್ಕು ಜಿಬಿಗೆ ಅದು ಭರ್ತಿ. ಅದಕ್ಕೇ ಕ್ಯಾಮೆರಾ ಅಲ್ಲಿಗೆ ಮುಚ್ಚಿ ಹೊಸದು ತೆರೆಯುತ್ತೆ. ಇಷ್ಟುದ್ದದ ಮಾತು ಯಾರು ಆಡ್ತಾರೆ ಅಂದ್ಕೊಂಡ್ರೋ ಏನೋ."

"ನಮ್ಮಪ್ಪನ್ನ ಒಂದು ಮಾತು ಕೇಳ್ಬೇಕಿತ್ತು ಅವರು!" ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ. "ಮಾಮ, ಆ ನಡುವಿನ ತುಂಡು... ಕತ್ತರಿಸಿ ಬಿಸಾಕಿದೆಯಾ? ಇಲ್ಲ, ಹೊಲಿಗೆ ಒಳಗೆ ಮಡಚಿದ ಬಟ್ಟೆ ಹಾಗೆ ಒಳಗೇ ಇದೆಯಾ?"

"ಒಳಗೇ ಇರುತ್ತೆ. ನಿನ್ನ ತಮ್ಮ ಎರಡನ್ನೂ ಬೇರೆ ಬೇರೆ ಬಿಚ್ಚಿ ಸೇರ್ಸಿದಾನೆ. ಅಂಚಿನ ತುಣುಕು ಅರ್ಧ ಇದ್ರಲ್ಲಿ, ಅರ್ಧ ಅದ್ರಲ್ಲಿ. ಯಾವುದಕ್ಕೂ ಪೂರ್ತಿ ಸಿಗದೆ ಬಿಟ್ಟುಹೋಗಿದೆ. ಬಿಚ್ಚದೆ, ಇದ್ದ ಹಾಗೇ ಒಂದರ ಬೆನ್ನಿಗೆ ಒಂದು ಅಂಟಿಸಿದ್ರೆ ಸಿಗಬಹುದು. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಇದೆ ತಾನೇ?"

ನಾನು ತಮ್ಮನನ್ನು ತಿವಿದೆ. ತಮ್ಮ ತಲೆ ಕೆರೆದುಕೊಂಡು ಹುಡುಕಿದ, ಇನ್ನೂ ಹುಡುಕಿದ. ಕೊನೆಗೆ "ಇದೆ" ಎಂದ. ಅಲ್ಲೇ ಅವನಿಗೊಂದು ಗುದ್ದು ಕೊಟ್ಟೆ, ಖುಷಿಗೆ.

ಮಾಮ ಅಂಟಿಸಿದರು. ಹೊಸ ಫೈಲನ್ನು ಪೆನ್‌ಡ್ರೈವಿಗೆ ಹಾಕಲು ಹೋದರೆ ಅದೂ ಹಳೇ ಪದ್ಧತಿಯದೇ, ಫೈಲ್ ದೊಡ್ಡದಾಯಿತು ಎಂದು ರಾಗ ಎಳೆಯಿತು. "ಸಾಯ್ಲಿ ಅದು" ಎಂದು ತಮ್ಮ ತನ್ನ ಕಂಪ್ಯೂಟರನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟ. ಸ್ಟುಡಿಯೋದಲ್ಲೇ ನೋಡಬಹುದಿತ್ತು. ನನಗೆ ಧೈರ್ಯ ಬರಲಿಲ್ಲ.

ಮನೆಯಲ್ಲೂ ಬರಲಿಲ್ಲ. ಅವರೆಲ್ಲ ನಡುಮನೆಯಲ್ಲಿ ಕೂತರು. ನಾನು ಅರ್ಜೆಂಟು ಕೆಲಸವಿದೆಯೆಂದು ಸುಳ್ಳು ಹೇಳಿ ಒಳಗಿನ ಕೋಣೆಯಲ್ಲಿ ಒಂದು ಅಂಗಿಗೆ ಗುಂಡಿ ಹಾಕುತ್ತಾ ಕೂತೆ. ಮಂಡಿಯ ಪುರಾಣ ಮುಗಿಯಿತು. ಅಮ್ಮನ ಸರದಿ, ತಮ್ಮನ ಸರದಿ, ಬೆಕ್ಕಿನ ಸರದಿ ಆಯಿತು. ಸೂಜಿ ಬೆರಳಿಗೇ ಚುಚ್ಚಿತು.

"ಏ ಸಿಡುಕೀ, ಬಾರೇ!"

"ಬಂದೇ ಅಪ್ಪಾ!"

ಕೂಗಿದ್ದು ನಾನೇ. ಚಿಕ್ಕಂದಿನಿಂದ ಓಗೊಟ್ಟ ಹಾಗೇ ಓಗೊಟ್ಟು, ಅಂಗಿಯನ್ನು ಅಲ್ಲೇ ಬಿಸಾಕಿ, ನಡುಮನೆಗೆ ಓಡಿ ಬಂದು ನಿಂತಿದ್ದೆ. ಕರೆದದ್ದು ವಿಡಿಯೋದ ಅಪ್ಪ ಎಂದು ಆಮೇಲೆಯೇ ನನಗೆ ನೆನಪಾಗಿದ್ದು. ಕಣ್ಣಿಂದ ನೀರು ದಳದಳ ಇಳಿಯತೊಡಗಿತು.

ಕುರ್ಚಿಯಲ್ಲಿದ್ದ ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು, ಆದರೆ ಹೆಗಲು ನಗುವಿಗೆ ಕುಲುಕುತ್ತಿತ್ತು. ಸ್ಲೇಟು ಒರೆಸಿ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದ.

"ಬಂದ್ಯಾ? ಕೂತ್ಕೋ."

ನಾನು ಅವನ ಪಕ್ಕದಲ್ಲಿ ಕೂತೆ.